ಕ್ರಾಸ್ ಮರಿಗೆ ಎಂತ ಆಗ್ಲಿಕ್ಕಿಲ್ಲ ಅಂತ ಯಾರು ಹೇಳಿದ್ದು?

(ಉಡುಪಿಯಲ್ಲಿ ನಾಯಿಮರಿ ದತ್ತು ತಗೊಂಡ ಮನೆಯವರ ಎದುರು ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ಮರಿ ಹಿಡ್ಕೊಂಡು ಬರುವವರು ಟೇಬಲ್ ಮೇಲೆ ಇಡುವ ಮೊದಲೇ ಹೇಳುವ ಒಂದು ಮಾತುಂಟು. "ಡಾಕ್ಟ್ರೇ, ಇದು ಪ್ಯೂರ್ ಅಲ್ಲ, ಕ್ರಾಸ್. ಇದಕ್ಕೆಲ್ಲ ರೋಗ ಬರ್ಲಿಕ್ಕಿಲ್ಲ ಅಲ್ವಾ?" ಕೇಳುವ ರಾಗದಲ್ಲೇ ಗೊತ್ತಾಗ್ತದೆ ಇದು ಪ್ರಶ್ನೆ ಅಲ್ಲ, ಇಂಜೆಕ್ಷನ್ ಒಂದೆರಡು ಕಮ್ಮಿ ಮಾಡಿ ಅಂತ ಅರ್ಜಿ. ನಗ್ಬೇಡಿ, ಇಲ್ಲಿ ಕೂತವರಲ್ಲೂ ಸುಮಾರು ಜನರ ತಲೆಯಲ್ಲಿ ಅದೇ ಉಂಟು.

ಆ ಮಾತು ಪೂರ್ತಿ ಸುಳ್ಳು ಅಂತಲೂ ಅಲ್ಲ. 2013ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರು 27,000ಕ್ಕೂ ಹೆಚ್ಚು ನಾಯಿಗಳ ಆಸ್ಪತ್ರೆ ರೆಕಾರ್ಡ್ ಜಾಲಾಡಿ, ತಂದೆ ತಾಯಿಯಿಂದ ಬರುವ 24 ತೊಂದರೆಗಳು ಯಾವುದರಲ್ಲಿ ಎಷ್ಟು ಅಂತ ನೋಡಿದ್ರು. 10 ತೊಂದರೆ ಜಾತಿ ನಾಯಿಗಳಲ್ಲಿ ಜಾಸ್ತಿ, ಸರಿ. ಆದ್ರೆ 13ರಲ್ಲಿ ಜಾತಿಗೂ ಮಿಕ್ಸ್‌ಗೂ ವ್ಯತ್ಯಾಸವೇ ಇಲ್ಲ, ಮತ್ತೆ ಒಂದು, ಹಿಂಗಾಲಿನ ಮೊಣಕಾಲಿನ ಲಿಗಮೆಂಟ್ ಹರಿಯುವುದು, ಅದು ಮಿಕ್ಸ್ ನಾಯಿಗಳಲ್ಲೇ ಹೆಚ್ಚು ಸಿಕ್ಕಿತು. ಅಂದ್ರೆ ಸ್ವಲ್ಪ ಲಾಭ ಉಂಟು, ಅಷ್ಟೇ. ಮತ್ತೆ ಇದೆಲ್ಲ ನಾಯಿ ದೊಡ್ಡಾದ ಮೇಲಿನ ಲೆಕ್ಕ. ಎರಡು ತಿಂಗಳ ಮರಿ ಸಾಯುವುದು ಅಪ್ಪ ಯಾರು ಅಮ್ಮ ಯಾರು ಅಂತಲ್ಲ, ಪಾರ್ವೊ ಅನ್ನುವ ವೈರಸ್ ರೋಗದಿಂದ, ಹೊಟ್ಟೆಹುಳದಿಂದ, ಉಣ್ಣಿಯಿಂದ. ಈ ಮೂರಕ್ಕೂ ಲ್ಯಾಬ್, ಅಂದ್ರೆ ಲ್ಯಾಬ್ರಡಾರ್, ಆದ್ರೂ ಒಂದೇ, ಕಂತ್ರಿ ಆದ್ರೂ ಒಂದೇ.

"ಮತ್ತೆ ಬೀದಿನಾಯಿಗಳು ಯಾವ ಇಂಜೆಕ್ಷನ್ ಇಲ್ಲದೆ ಎಷ್ಟು ಗಟ್ಟಿ ಉಂಟಲ್ಲ" ಅಂತ ಇಲ್ಲೇ ಮುಂದೆ ಕೂತ ಒಬ್ಬರು ಆಗ ಕೇಳಿದ್ರು. ನಿಮಗೆ ಬಸ್ ಸ್ಟ್ಯಾಂಡಲ್ಲಿ ಕಾಣುವುದು ಉಳಿದದ್ದು ಮಾತ್ರ ಮಾರ್ರೆ. ಸತ್ತದ್ದು ಕಾಣುವುದಿಲ್ಲ. ಕೋಲ್ಕತ್ತಾದ ಐಸರ್ ಅನ್ನುವ ವಿಜ್ಞಾನ ಸಂಶೋಧನಾ ಸಂಸ್ಥೆಯವರು ಅಲ್ಲಿನ ಬೀದಿನಾಯಿಗಳ 95 ಸೂಲಿನ 364 ಮರಿಗಳನ್ನು ಹಿಂಬಾಲಿಸಿ ನೋಡಿದ್ದಾರೆ, 2016ರಲ್ಲಿ ಪ್ರಕಟ ಆಯ್ತು. ಮರಿ ಹಾಕುವ ಪ್ರಾಯಕ್ಕೆ ಬರುವಷ್ಟರಲ್ಲಿ ಉಳಿದದ್ದು ನೂರಕ್ಕೆ 19. ಸತ್ತವುಗಳಲ್ಲಿ ಬಹಳಷ್ಟಕ್ಕೆ ಮನುಷ್ಯರೇ ಕಾರಣ, ಗಾಡಿ ಅಡಿಗೆ ಬಿದ್ದದ್ದು, ಹೊಡೆದದ್ದು, ವಿಷ ಹಾಕಿದ್ದು, ಅದು ಬೇರೆ ಮಾತು. ಆದ್ರೆ ಗಟ್ಟಿ ಅಂತ ನಾವು ಹೇಳುವುದು ಆ ಹತ್ತೊಂಬತ್ತನ್ನು ನೋಡಿ.

ಈಗ ಮರಿ ನಿಮ್ಮ ಮನೆಗೆ ಬಂತು ಅಂತ ಇಟ್ಕೊಳ್ಳಿ. ಹೆಚ್ಚಿನ ಮಿಕ್ಸ್ ಮರಿಗಳು ಬರುವುದು ಹೇಗೆ? ಮೀನು ಮಾರ್ಕೆಟಿನ ಹತ್ರ ರಟ್ಟಿನ ಡಬ್ಬದಲ್ಲಿ ಬಿಟ್ಟು ಹೋಗಿರ್ತಾರೆ, ಇಲ್ಲ ಅಂದ್ರೆ ಪಕ್ಕದ ಮನೆಯ ಲ್ಯಾಬ್ ರಾತ್ರಿ ಗೇಟ್ ಹಾರಿದ್ದಕ್ಕೆ ಹುಟ್ಟಿದ್ದು. ಪ್ರಾಯ ಯಾರಿಗೂ ಸರಿ ಗೊತ್ತಿರುವುದಿಲ್ಲ. "ಎರಡು ತಿಂಗಳು ಆಗಿದೆ ಡಾಕ್ಟ್ರೇ" ಅಂತಾರೆ, ಬಾಯಿ ತೆಗೆದು ನೋಡಿದ್ರೆ ಮುಂದಿನ ಹಾಲುಹಲ್ಲು ಈಗ ತಾನೇ ವಸಡಿನಿಂದ ಹೊರಗೆ ಬರ್ತಾ ಉಂಟು, ಅಂದ್ರೆ ಮೂರು ನಾಲ್ಕು ವಾರ ಅಷ್ಟೇ. ಆ ಮರಿಗೆ ಅನ್ನ ಕೊಟ್ರೆ ಹೇಗಾಗ್ಬೇಕು? ಅದಕ್ಕೆ ಮೊದಲು ಹಲ್ಲು ನೋಡಿಸಿ. ಹಾಲುಹಲ್ಲು ಪೂರ್ತಿ ಬಂದಿರುವುದು ಆರರಿಂದ ಎಂಟು ವಾರಕ್ಕೆ, ಅವು ಬಿದ್ದು ದೊಡ್ಡ ಹಲ್ಲು ಶುರು ಆಗುವುದು ಮೂರೂವರೆ ನಾಲ್ಕು ತಿಂಗಳಿಗೆ. ಎಂಟು ವಾರ ಆಗದೆ ತಾಯಿಯಿಂದ ಬೇರೆ ಮಾಡ್ಬೇಡಿ, ತಾಯಿಯೇ ಇಲ್ಲದ ಮರಿ ಆದ್ರೆ ದನದ ಹಾಲು ಕುಡಿಸಿ ಭೇದಿ ಮಾಡಿಸ್ಬೇಡಿ, ಮರಿಗಳಿಗಂತಲೇ ಹಾಲಿನ ಪುಡಿ ಬರ್ತದೆ.

ಮತ್ತೆ ಮೇಲಿನ ತುಟಿ ಎತ್ತಿ ವಸಡು ನೋಡಿ. ಇದನ್ನು ಈಗಲೇ ಕಲಿತು ಹೋಗಿ, ಇದಕ್ಕೆ ಡಾಕ್ಟ್ರು ಬೇಡ. ಗುಲಾಬಿ ಬಣ್ಣ ಇರ್ಬೇಕು. ಬೆರಳಿಂದ ಒತ್ತಿ ಬಿಟ್ರೆ ಬಿಳಿಚಿ ಎರಡು ಸೆಕೆಂಡಿನ ಒಳಗೆ ಬಣ್ಣ ವಾಪಸ್ ಬರ್ಬೇಕು. ಕೆಲವು ಮರಿಗಳಿಗೆ ವಸಡೇ ಕಪ್ಪು ಇರ್ತದೆ, ಊರುನಾಯಿ ಮಿಕ್ಸ್‌ಗಳಲ್ಲಿ ಅದು ತುಂಬ ಮಾಮೂಲಿ, ಆಗ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಒಳಗೆ ನೋಡಿ. ಕಾಗದದ ಹಾಗೆ ಬೆಳ್ಳಗೆ ಕಂಡ್ರೆ ರಕ್ತ ಕಮ್ಮಿ ಆಗಿದೆ ಅಂತ, ಅವತ್ತೇ ಬನ್ನಿ, ಸೋಮವಾರ ನೋಡುವ ಅಂತ ಕೂರ್ಬೇಡಿ.

ರಕ್ತ ಎಲ್ಲಿಗೆ ಹೋಯ್ತು? ಹೆಚ್ಚಿನ ಸಲ ಕೊಕ್ಕೆಹುಳಕ್ಕೆ. ಕರುಳಿನ ಗೋಡೆ ಕಚ್ಚಿ ಹಿಡ್ಕೊಂಡು ರಕ್ತ ಹೀರುವ ಹುಳ ಅದು. "ನಮ್ಮ ಮರಿ ಮನೆಯಿಂದ ಹೊರಗೇ ಹೋಗಿಲ್ಲ, ಹುಳ ಎಲ್ಲಿಂದ?" ಅಂತ ಕೇಳ್ತಾರೆ. ಕೊಕ್ಕೆಹುಳದ ಮರಿಹುಳ ತಾಯಿಯ ಹಾಲಲ್ಲೇ ಬರ್ತದೆ. ಉದ್ದುದ್ದ ದಾರದ ಹಾಗಿರುವ ದುಂಡುಹುಳ ಇನ್ನೂ ಮೊದಲು, ಮರಿ ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ದಾಟಿರ್ತದೆ. ಹಾಗಾಗಿ ಹುಟ್ಟಿದ ಎರಡನೇ ವಾರದಿಂದಲೇ ಹುಳದ ಮದ್ದು ಶುರು, ಎಂಟು ವಾರದವರೆಗೆ ಎರಡೆರಡು ವಾರಕ್ಕೊಮ್ಮೆ, ಮತ್ತೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ. ತೂಕ ನೋಡಿಯೇ ಕೊಡುವುದು, ಅಂದಾಜಿಗಲ್ಲ, ಮನೆಯ ಮಕ್ಕಳಿಗೆ ತಂದ ಮಾತ್ರೆಯಲ್ಲಿ ಅರ್ಧ ಮುರಿದು ಅಂತೂ ಅಲ್ಲವೇ ಅಲ್ಲ. ಮರಿಯ ಮೈ ಸಪುರ, ಹೊಟ್ಟೆ ಮಾತ್ರ ಡೊಳ್ಳು, ಅದನ್ನು ಕಂಡು "ಒಳ್ಳೆ ತುಂಬಿಕೊಂಡಿದೆ" ಅಂತ ಖುಷಿ ಪಡುವವರುಂಟು. ಅದು ತುಂಬಿದ್ದು ಹುಳದಿಂದ.

ಹುಳದ ಮಾತು ಬಂತಲ್ಲ, ಒಂದು ಸೇರಿಸ್ತೇನೆ. ಇದು ಮರಿಗೆ ಮಾತ್ರ ಸಂಬಂಧ ಪಟ್ಟದ್ದಲ್ಲ. ನಾಯಿಯ ಕೊಕ್ಕೆಹುಳದ ಮರಿಹುಳ ಒದ್ದೆ ಹೊಯಿಗೆಯಲ್ಲಿ ಬದುಕ್ತದೆ, ಬರಿಗಾಲಲ್ಲಿ ನಡೆದ್ರೆ ಚರ್ಮದೊಳಗೆ ಹೊಕ್ಕು ಕೆಂಪು ಗೆರೆ ಗೆರೆಯಾಗಿ ಹರಿದಾಡ್ತದೆ, ರಾತ್ರಿ ತುರಿಕೆ ತಡೀಲಿಕ್ಕೆ ಆಗುವುದಿಲ್ಲ. ಮಲ್ಪೆ ಬೀಚಿಗೋ ಪಣಂಬೂರಿಗೋ ನಾಯಿ ಕರ್ಕೊಂಡು ಹೋಗುವವರು ಕೈಯಲ್ಲಿ ಒಂದು ಪ್ಲಾಸ್ಟಿಕ್ ಇಟ್ಕೊಳ್ಳಿ, ಹೇತದ್ದನ್ನು ಎತ್ತಿ ತನ್ನಿ. ಇಷ್ಟು ಹೇಳಿದ್ರೆ ಕೆಲವರಿಗೆ ಸಿಟ್ಟು ಬರ್ತದೆ, ಬರ್ಲಿ.

ಪಾರ್ವೊಗೆ ಬರ್ತೇನೆ, ಇವತ್ತು ನಾನು ಒಪ್ಕೊಂಡು ಬಂದದ್ದೇ ಇದಕ್ಕೆ. 1978ರ ಹೊತ್ತಿಗೆ ಪ್ರಪಂಚದಲ್ಲೆಲ್ಲ ಹರಡಿದ ವೈರಸ್ ಇದು. ಮರಿಯ ದೇಹದಲ್ಲಿ ಎಲ್ಲಿ ಹೊಸ ಜೀವಕೋಶ ಬೇಗ ಬೇಗ ಹುಟ್ತಾ ಇರ್ತದೋ ಅಲ್ಲಿಗೇ ಹೋಗ್ತದೆ, ಅಂದ್ರೆ ಕರುಳಿನ ಒಳಪದರಕ್ಕೆ ಮತ್ತೆ ಮೂಳೆಯ ಮಜ್ಜೆಗೆ. ಕರುಳಿನ ಒಳಗಿನ ಪದರ ಕಿತ್ತು ಬರ್ತದೆ, ಅದೇ ಹೊತ್ತಿಗೆ ಬಿಳಿ ರಕ್ತಕಣ ಬೀಳ್ತದೆ, ಕರುಳಲ್ಲಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ತದೆ, ತಡೀಲಿಕ್ಕೆ ಯಾರೂ ಇಲ್ಲ. ಮೊದಲ ದಿನ ಎಂತ ಕಾಣ್ತದೆ? ಮರಿ ಮೂಲೆಯಲ್ಲಿ ಮಲಗಿರ್ತದೆ, ಊಟ ಬೇಡ, ಅಷ್ಟೇ. ಮತ್ತೆ ನೊರೆ ನೊರೆಯಾಗಿ ಹಳದಿ ವಾಂತಿ. ಮಾರನೇ ದಿನ ನೀರಿನ ಹಾಗೆ ಭೇದಿ, ರಕ್ತ ಬೆರೆತದ್ದು, ಅದರ ನಾತ ಒಂದು ಸಲ ಮೂಗಿಗೆ ಹೋದ್ರೆ ಜನ್ಮದಲ್ಲಿ ಮರೆಯುವುದಿಲ್ಲ, ನಮ್ಮಲ್ಲಿ ಬಾಗಿಲು ತೆಗೆದವರೇ ಹೇಳ್ತಾರೆ ಪಾರ್ವೊ ಬಂದಿದೆ ಅಂತ.

ವೈರಸ್ ಹೊಕ್ಕಿ ಲಕ್ಷಣ ಕಾಣ್ಲಿಕ್ಕೆ ಮೂರರಿಂದ ಏಳು ದಿನ. ಅದಕ್ಕೇ ನೀವು ತಂದ ಮರಿ ನಾಲ್ಕು ದಿನ ಚಂದ ಆಡಿಕೊಂಡಿದ್ದು ಐದನೇ ದಿನ ಮಲಗುವುದು. ತಂದುಕೊಟ್ಟವರ ಹತ್ರ ಜಗಳ ಆಗುವುದೂ ಇದಕ್ಕೇ. ಆ ಜಗಳ ಆಮೇಲೆ ಮಾಡಿ, ಮೊದಲು ಡ್ರಿಪ್ ಹಾಕಿಸಿ. ಈ ರೋಗದಲ್ಲಿ ಉಳಿಸುವುದು ಡ್ರಿಪ್, ವಾಂತಿ ನಿಲ್ಲುವ ಇಂಜೆಕ್ಷನ್, ಆಂಟಿಬಯಾಟಿಕ್, ಮತ್ತೆ ಮರಿಯನ್ನು ಬೆಚ್ಚಗೆ ಇಡುವುದು. ಬೇಗ ಬಂದ್ರೆ ಹೆಚ್ಚಿನವು ಉಳೀತವೆ. ಬೊಂಡದ ನೀರು, ದಾಳಿಂಬೆ ಸಿಪ್ಪೆ ಕಷಾಯ, ಮೊಸರನ್ನ ಅಂತ ಮೂರು ದಿನ ಮನೆಯಲ್ಲಿ ಮಾಡಿ ನಾಲ್ಕನೇ ದಿನ ಟವೆಲಲ್ಲಿ ಸುತ್ತಿ ತಂದ್ರೆ ನಮ್ಮ ಕೈಯಲ್ಲಿ ಎಂತ ಇರ್ತದೆ ಹೇಳಿ. ವಾಂತಿ ಮಾಡುವ ಮರಿಯ ಬಾಯಿಗೆ ಒತ್ತಾಯದಲ್ಲಿ ಎಂತ ಹಾಕಿದ್ರೂ ಶ್ವಾಸಕೋಶಕ್ಕೆ ಹೋಗ್ಬಹುದು. ಮನುಷ್ಯರಿಗೆ ಕೊಡುವ ಭೇದಿ ನಿಲ್ಲುವ ಮಾತ್ರೆ ಕೊಡ್ಲೇಬೇಡಿ.

ಈಗ ಎಲ್ಲರೂ ಕೇಳುವುದು, ಒಂದು ಇಂಜೆಕ್ಷನ್ ಆಗಿತ್ತು ಮತ್ತೆ ಯಾಕೆ ಬಂತು? ಇದನ್ನು ಸ್ವಲ್ಪ ನಿಧಾನ ಹೇಳ್ತೇನೆ. ಹುಟ್ಟಿದ ದಿನ ಕುಡಿಯುವ ಗಿಣ್ಣು ಹಾಲಲ್ಲಿ ತಾಯಿ ತನ್ನ ರೋಗನಿರೋಧಕವನ್ನು ಮರಿಗೆ ದಾಟಿಸ್ತದೆ. ಅದು ಮರಿಯನ್ನು ಕಾಯ್ತದೆ ಹೌದು, ಆದ್ರೆ ನಾವು ಕೊಡುವ ವ್ಯಾಕ್ಸಿನನ್ನೂ ವೈರಸ್ ಅಂತ ತಿಳ್ಕೊಂಡು ಹೊಡೆದು ಹಾಕ್ತದೆ. ದಿನ ಹೋದ ಹಾಗೆ ಅದು ಇಳೀತದೆ, ಒಂದು ಮರಿಗೆ ಎಂಟು ವಾರಕ್ಕೆ ಇಳಿದ್ರೆ ಅದರ ತಂಗಿಗೆ ಹನ್ನೆರಡಕ್ಕೆ, ಕೆಲವಕ್ಕೆ ಹದಿನಾರರವರೆಗೂ ಇರ್ತದೆ. ಊರೆಲ್ಲ ತಿರುಗಿ ಪಾರ್ವೊ ಬಂದು ಗುಣ ಆದ ಬೀದಿ ತಾಯಿ ಆದ್ರೆ ಅವಳ ಹಾಲಲ್ಲಿ ಇದು ಜಾಸ್ತಿಯೇ ಇರ್ತದೆ, ಅಂದ್ರೆ ನಿಮ್ಮ ಕ್ರಾಸ್ ಮರಿಗೆ ಮೊದಲ ಡೋಸ್ ಹಿಡಿಯದೆ ಹೋಗುವ ಸಂಭವವೂ ಜಾಸ್ತಿ. ನಡುವೆ ಕೆಲವು ದಿನ ಹೇಗಿರ್ತದೆ ಅಂದ್ರೆ ವ್ಯಾಕ್ಸಿನ್ ಹಿಡೀಲಿಕ್ಕೆ ಬಿಡುವುದಿಲ್ಲ, ನಿಜವಾದ ವೈರಸ್ ಬಂದ್ರೆ ತಡೆಯುವಷ್ಟೂ ಇಲ್ಲ. ಆ ದಿನ ಯಾವುದು ಅಂತ ಮರಿಯ ಮುಖ ನೋಡಿ ಹೇಳ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಹದಿನಾರು ವಾರ ದಾಟುವವರೆಗೆ ಕೊಡ್ತಾ ಹೋಗುವುದು. ಕೊನೆಯ ಡೋಸ್ ಹದಿನಾರನೇ ವಾರಕ್ಕೋ ಆಮೇಲೋ ಬೀಳ್ಬೇಕು, ಅದು ಮುಖ್ಯ. "ಎರಡು ಹಾಕಿಸಿದೆ ಸಾಕು" ಅಂತ ನಿಲ್ಲಿಸುವ ಮನೆಗಳಿಂದಲೇ ಮೂರು ತಿಂಗಳ ಮರಿಗಳು ಬರುವುದು.

ವ್ಯಾಕ್ಸಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರ್ಬೇಕು. ಮೆಡಿಕಲಿಂದ ತಂದು ಸ್ಕೂಟರಿನ ಸೀಟಿನಡಿ ಹಾಕಿ ಎಪ್ರಿಲ್ ಬಿಸಿಲಲ್ಲಿ ಮಾರ್ಕೆಟ್ ಸುತ್ತಿ ಸಂಜೆ ಯಾರದ್ದೋ ಕೈಯಲ್ಲಿ ಚುಚ್ಚಿಸಿದ್ರೆ ಅದು ನೀರು ಚುಚ್ಚಿದ ಹಾಗೆ. ಬಾಟ್ಲಿಯ ಮೇಲಿನ ಸ್ಟಿಕ್ಕರ್ ಕಾರ್ಡಿಗೆ ಅಂಟಿಸಿ ಸೈನ್ ಮಾಡಿ ಕೊಡುವವರ ಹತ್ರವೇ ಹಾಕಿಸಿ.

ಮನೆಯಲ್ಲಿ ಹಿಂದೆ ಮರಿ ಪಾರ್ವೊದಲ್ಲಿ ಸತ್ತಿದ್ರೆ ದಯವಿಟ್ಟು ಹೇಳಿ, ಮುಚ್ಚಿಡ್ಬೇಡಿ. ಈ ವೈರಸ್ ಅಂಗಳದ ನೆರಳಲ್ಲಿ ತಿಂಗಳುಗಟ್ಟಲೆ ಇರ್ತದೆ. ಫಿನಾಯ್ಲ್ ಹಾಕಿ ಒರೆಸಿದ್ರೆ ವಾಸನೆ ಹೋಗ್ತದೆ, ವೈರಸ್ ಹೋಗುವುದಿಲ್ಲ. ಮೊದಲು ಸೋಪುನೀರಲ್ಲಿ ಕೊಳೆ ತೊಳೆದು, ಮತ್ತೆ ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಸೇರಿಸಿ ಹಾಕಿ ಹತ್ತು ನಿಮಿಷ ಬಿಡ್ಬೇಕು. ಸಿಮೆಂಟು, ಟೈಲ್ಸ್‌ಗೆ ಆಯ್ತು, ಮಣ್ಣಿಗೆ ಇದು ಆಗುವುದಿಲ್ಲ. ಅಂಥ ಮನೆಗೆ ಇಂಜೆಕ್ಷನ್ ಪೂರ್ತಿ ಆದ ದೊಡ್ಡ ನಾಯಿಯನ್ನೇ ತಗೊಳ್ಳಿ, ಚಿಕ್ಕ ಮರಿ ಬೇಡ.

ಇದನ್ನು ಕೇಳಿ ನಾಲ್ಕು ತಿಂಗಳು ಮರಿಯನ್ನು ಕೋಣೆಯಲ್ಲಿ ಕೂಡಿ ಹಾಕಿದ್ರೆ ಅದೂ ಕಷ್ಟವೇ. ಹದಿನಾಲ್ಕು ವಾರದ ಒಳಗೆ ಮನುಷ್ಯರು, ಮಕ್ಕಳು, ಬಸ್ಸಿನ ಹಾರ್ನ್, ಚೆಂಡೆ, ಗರ್ನಾಲು ಇದೆಲ್ಲ ಕಂಡು ಕೇಳಿ ಗೊತ್ತಿಲ್ಲದ ನಾಯಿ ದೊಡ್ಡಾದ ಮೇಲೆ ಹೆದರಿ ಕಚ್ತದೆ. ಎತ್ತಿಕೊಂಡು ಹೋಗಿ ತೋರಿಸಿ, ಬೀದಿಯಲ್ಲಿ ನೆಲಕ್ಕೆ ಬಿಡ್ಬೇಡಿ.

ಡಿಸ್ಟೆಂಪರ್ ಅಂತ ಇನ್ನೊಂದು ವೈರಸ್ ರೋಗ ಉಂಟು, ಅದರ ಬಗ್ಗೆ ಚಿಕ್ಕದಾಗಿ. ಕಣ್ಣು ಮೂಗಲ್ಲಿ ಕೀವಿನ ಹಾಗೆ ಸುರೀತದೆ, ಜ್ವರ, ಕೆಮ್ಮು, ಗುಣ ಆಯ್ತು ಅಂತ ಅಂದ್ಕೊಳ್ಳುವಾಗ ಒಂದು ಕಾಲು ತನ್ನಷ್ಟಕ್ಕೆ ಎಳೆದು ಎಳೆದು ಅದುರ್ತದೆ, ಮತ್ತೆ ಫಿಟ್ಸ್. ಪಾರ್ವೊದ ಇಂಜೆಕ್ಷನ್ ಒಳಗೇ ಇದರದ್ದೂ ಇರ್ತದೆ, ಅದಕ್ಕೆ ಬೇರೆ ಹೇಳುವುದಿಲ್ಲ.

ಉಣ್ಣಿ ಬಗ್ಗೆ ಮಾತ್ರ ಹೇಳ್ಲೇಬೇಕು, ನಮ್ಮ ಕರಾವಳಿಯ ಸೆಕೆ ಅದಕ್ಕೆ ಸ್ವರ್ಗ. ಮರಿಯ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನಾ ಕೈಯಾಡಿಸಿ. ಉಣ್ಣಿ ಕುಡಿಯುವ ರಕ್ತ ಒಂದು ಕಡೆ, ಅದು ಒಳಗೆ ಬಿಡುವ ಎರ್ಲಿಕಿಯಾ, ಬೆಬೀಸಿಯಾ ಅನ್ನುವ ರೋಗಾಣುಗಳು ಇನ್ನೊಂದು ಕಡೆ. ಜ್ವರ, ಮಂಕು, ಮೂಗಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕಿ, ಕೋಕಾಕೋಲಾ ಬಣ್ಣದ ಮೂತ್ರ, ಇದರಲ್ಲಿ ಯಾವುದು ಕಂಡ್ರೂ ರಕ್ತಪರೀಕ್ಷೆ ಮಾಡಿಸಿ. ಮತ್ತೆ, ನಾಯಿಯ ಮೈಮೇಲೆ ಕಾಣುವುದು ಉಣ್ಣಿಯ ಸಂಸಾರದಲ್ಲಿ ಸ್ವಲ್ಪ ಭಾಗ. ಹೆಣ್ಣುಣ್ಣಿ ರಕ್ತ ಕುಡಿದು ಉಬ್ಬಿ ಕೆಳಗೆ ಬಿದ್ದು, ಗೋಡೆ ಹತ್ತಿ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡ್ತದೆ. ನಮ್ಮ ಮುರಕಲ್ಲಿನ ಕಂಪೌಂಡ್ ನೋಡಿದ್ದೀರಲ್ಲ, ಗಾರೆ ಮಾಡದೆ ಬಿಟ್ಟದ್ದು, ಪೂರ್ತಿ ತೂತು. ಅದರ ಬುಡದಲ್ಲಿ ಗೂಡು ಇಟ್ಟು ಮರಿಯನ್ನು ಕಟ್ಟಿ, ತಿಂಗಳು ತಿಂಗಳು ಮದ್ದು ಹಾಕಿಯೂ ಉಣ್ಣಿ ಹೋಗುದಿಲ್ಲ ಅಂತ ನನಗೆ ಬೈದ್ರೆ? ಗೂಡು ಜಾಗ ಬದಲಿಸಿ, ತೂತು ಮುಚ್ಚಿಸಿ.

ದನಕ್ಕೆ ಹಾಕುವ ಉಣ್ಣಿ ಮದ್ದನ್ನು ಮರಿಗೆ ಹಚ್ಬೇಡಿ. ಹಟ್ಟಿ ಇರುವ ಮನೆಗಳಲ್ಲಿ ಇದು ನಡೀತಾ ಇರ್ತದೆ, ಮರಿ ಮೈ ನೆಕ್ಕಿ ಜೊಲ್ಲು ಸುರಿಸಿ ನಡುಗಿಕೊಂಡು ಬರ್ತದೆ. ಸೀಮೆಎಣ್ಣೆಯೂ ಬೇಡ. ಕಜ್ಜಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚುವುದಂತೂ ಶಿಕ್ಷೆ ಮಾರ್ರೆ, ಮದ್ದಲ್ಲ. ಮರಿಗಳಲ್ಲಿ ಕಣ್ಣಿನ ಸುತ್ತ ಬಾಯಿಯ ಹತ್ರ ಕೂದಲು ಉದುರಿ ತುರಿಕೆ ಇಲ್ಲದೆ ಇದ್ರೆ ಅದು ಡೆಮೋಡೆಕ್ಸ್ ಅನ್ನುವ ಕಣ್ಣಿಗೆ ಕಾಣದ ಹುಳದ ಕಜ್ಜಿ ಇರ್ಬಹುದು, ಅಂಟುವುದಿಲ್ಲ, ತುಂಬ ಮರಿಗಳಲ್ಲಿ ತನ್ನಷ್ಟಕ್ಕೆ ಹೋಗ್ತದೆ. ಕಿವಿಯ ಅಂಚು, ಮೊಣಕೈ ತುರಿಸಿ ತುರಿಸಿ ಗಾಯ, ಮನೆಯವರಿಗೂ ತುರಿಕೆ, ಅದು ಬೇರೆ ಜಾತಿಯ ಕಜ್ಜಿ, ಅಂಟ್ತದೆ. ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೊತ್ತಾಗ್ತದೆ, ಮೊಬೈಲಲ್ಲಿ ಫೋಟೋ ಕಳಿಸಿದ್ರೆ ಆಗುವುದಿಲ್ಲ.

ಇಲ್ಲಿ ನಿಮ್ಮ ಕ್ರಾಸ್‌ನ ಅಪ್ಪ ಅಮ್ಮ ಯಾರು ಅನ್ನುವುದು ನಿಜವಾಗಿ ಬೇಕಾಗ್ತದೆ. ಕಜ್ಜಿಗೆ ಐವರ್‌ಮೆಕ್ಟಿನ್ ಅಂತ ಇಂಜೆಕ್ಷನ್ ಧಾರಾಳ ಬಳಕೆಯಲ್ಲುಂಟು. ಕೋಲಿ ಜಾತಿಯ ನಾಯಿಗಳಲ್ಲಿ, ಕೆಲವು ಶೆಫರ್ಡ್‌ಗಳಲ್ಲಿ, ಎಂಡಿಆರ್1 ಅಂತ ಒಂದು ಜೀನ್ ಕೆಟ್ಟಿರ್ತದೆ, ಆಗ ಆ ಮದ್ದು ಮೆದುಳಿಗೆ ಹೊಕ್ಕು ನಾಯಿ ತೂರಾಡಿ, ಕಣ್ಣು ಕಾಣದೆ, ಕೋಮಾಕ್ಕೆ ಹೋಗ್ತದೆ. 2001ರಲ್ಲಿ ಇದರ ಕಾರಣ ಗೊತ್ತಾಯ್ತು. ಮಿಕ್ಸ್ ಮರಿಗೂ ಅದು ಬಂದಿರ್ಬಹುದು, ನೋಡಿದ್ರೆ ಗೊತ್ತಾಗ್ಲಿಕ್ಕಿಲ್ಲ. ಅದಕ್ಕೆ ಅಪ್ಪ ಶೆಫರ್ಡ್ ಅಂತ ಕೇಳಿದ ಸುದ್ದಿ ಇದ್ರೂ ಹೇಳಿ, ಈಗ ಬೇರೆ ಮದ್ದುಗಳಿದ್ದಾವೆ.

ಲ್ಯಾಬ್ ಶೆಫರ್ಡ್ ಕ್ರಾಸ್ ಆದ್ರೆ ಸೊಂಟದ ಕೀಲು ನೋಡ್ಕೊಳ್ಳಿ. ಎರಡೂ ಕಡೆಯಲ್ಲಿ ಅದೇ ದೋಷ ಇರುವಾಗ ಕ್ರಾಸ್ ಆಗಿ ಎಂತ ಲಾಭ? ಐದಾರು ತಿಂಗಳಿಗೆ ಮೊಲದ ಹಾಗೆ ಎರಡೂ ಹಿಂಗಾಲು ಒಟ್ಟಿಗೆ ಹಾರಿಸ್ತಾ ಓಡುವುದು, ಮೆಟ್ಟಿಲಿಗೆ ಹಿಂಜರಿಯುವುದು ಕಂಡ್ರೆ ಎಕ್ಸ್‌ರೇ ಮಾಡಿಸಿ. ಮಂಗಳೂರಿನ ಫ್ಲ್ಯಾಟಿನ ಹೊಳೆಯುವ ಟೈಲ್ಸ್ ಮೇಲೆ ದಿನಾ ಜಾರುವುದು ಒಳ್ಳೆಯದಲ್ಲ, ಹಳೇ ಗೋಣಿಚೀಲವಾದ್ರೂ ಹಾಸಿ. ಪಗ್ ಕ್ರಾಸ್‌ಗೆ ಮೂಗು ಗಿಡ್ಡ ಇದ್ರೆ ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನ ಓಡಿಸ್ಬೇಡಿ. ಪೊಮೇರಿಯನ್ ಕ್ರಾಸ್ ನಡೀತಾ ನಡೀತಾ ಒಂದು ಹಿಂಗಾಲು ಎತ್ತಿ ಕುಂಟಿದ್ರೆ ಮೊಣಕಾಲಿನ ಚಿಪ್ಪು ಜಾರ್ತಾ ಉಂಟು ಅಂತ. ಹೊಕ್ಕುಳಲ್ಲಿ ಗುಳ್ಳೆ, ಆರು ತಿಂಗಳಾದ್ರೂ ಗಂಡು ಮರಿಯ ಬೀಜ ಒಂದು ಇಳಿಯದೆ ಇರುವುದು, ಇವೆಲ್ಲ ಯಾವ ಮರಿಯಲ್ಲೂ ಇರ್ಬಹುದು, ಮೊದಲ ಭೇಟಿಯಲ್ಲೇ ಕೇಳಿ.

ಊಟ. ಕುಚ್ಚಲಕ್ಕಿ ಗಂಜಿ, ಮೊಸರು, ಮೇಲಿಂದ ಸ್ವಲ್ಪ ಮೀನಿನ ಸಾರಿನ ನೀರು, ಇಷ್ಟೇ ಕೊಟ್ಟು ಮರಿ ಬೆಳೀಬೇಕು ಅಂದ್ರೆ ಮುಂಗಾಲು ಬಿಲ್ಲಾಗಿ ಬಗ್ಗುವುದು ಇದರಿಂದಲೇ. ಮೊಟ್ಟೆ, ಬೇಯಿಸಿದ ಕೋಳಿ, ಮುಳ್ಳು ಪೂರ್ತಿ ತೆಗೆದ ಬಂಗುಡೆ ಕೊಡಿ, ಕೈಲಾದ್ರೆ ಅರ್ಧದಷ್ಟಾದ್ರೂ ಮರಿಗಳ ಫುಡ್ ಸೇರಿಸಿ. ಅದೇ ಹೊತ್ತಿಗೆ ಕ್ಯಾಲ್ಸಿಯಂ ಟಾನಿಕ್ ಬಾಟ್ಲಿ ಬಾಟ್ಲಿ ಸುರಿಯುವುದೂ ಬೇಡ, ದೊಡ್ಡ ಜಾತಿಯ ಕ್ರಾಸ್‌ಗೆ ಹೆಚ್ಚು ಕ್ಯಾಲ್ಸಿಯಂ ಮೂಳೆಯನ್ನೇ ಕೆಡಿಸ್ತದೆ. ನೀರುಳ್ಳಿ ಹಾಕಿದ ಸಾರು, ದ್ರಾಕ್ಷಿ, ಚಾಕ್ಲೇಟ್ ಬೇಡವೇ ಬೇಡ.

ಮಳೆಗಾಲಕ್ಕೆ ಎರಡು ವಿಷಯ. ಇಲಿಜ್ವರ ನಮ್ಮ ಜಿಲ್ಲೆಗಳಲ್ಲಿ ಮನುಷ್ಯರಿಗೇ ಬರುವುದು ನಿಮಗೆ ಗೊತ್ತುಂಟು, ನಾಯಿಗೂ ಅದೇ, ಇಲಿಯ ಮೂತ್ರ ಸೇರಿದ ನೀರಿಂದ. ಕಣ್ಣು, ವಸಡು ಹಳದಿ ಆದ್ರೆ ಕೈಗವಸು ಹಾಕಿ ಮುಟ್ಟಿ, ನಾಯಿಯ ಮೂತ್ರದಿಂದ ನಿಮಗೂ ಬರ್ತದೆ. ಇದರ ವ್ಯಾಕ್ಸಿನ್ ವರ್ಷ ವರ್ಷ ಹಾಕಿಸ್ಬೇಕು. ಇನ್ನೊಂದು, ಜೂನಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಅಂಗಳಕ್ಕೆ ಬರುವ ದೊಡ್ಡ ಕಪ್ಪೆ, ಮೈಮೇಲೆ ಗುಳ್ಳೆ ಇರುವಂಥದ್ದು. ಮರಿ ಅದನ್ನು ಬಾಯಿಗೆ ಹಾಕಿ ನೊರೆ ಸುರಿಸ್ತದೆ. ತಲೆ ಕೆಳಗೆ ಮಾಡಿ, ಬಾಯಿಯ ಪಕ್ಕದಿಂದ ನೀರು ಬಿಟ್ಟು ವಸಡು ಉಜ್ಜಿ ತೊಳೀರಿ, ಗಂಟಲಿಗೆ ನೇರ ಬಿಡ್ಬೇಡಿ, ನಡುಗ್ಲಿಕ್ಕೆ ಶುರು ಆದ್ರೆ ಓಡಿ ಬನ್ನಿ.

ರೇಬಿಸ್ ಇಂಜೆಕ್ಷನ್ ಮೂರು ತಿಂಗಳಿಗೆ, ಇದರಲ್ಲಿ ಚರ್ಚೆಗೇ ಜಾಗ ಇಲ್ಲ. ಎಲ್ಲಿಂದ ಬಂತು ಗೊತ್ತಿಲ್ಲದ ಮರಿ ಹಲ್ಲು ತಾಗಿಸಿದ್ರೆ "ಚಿಕ್ಕ ಮರಿ ಅಲ್ವಾ" ಅಂತ ಬಿಡ್ಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಮರಿಗೂ ರೇಬಿಸ್ ಇರ್ಬಹುದು.

ಕೊನೆಗೆ ಹಿಂದಿನ ಸಾಲಿನ ಅಕ್ಕ ಒಬ್ಬರು ಕೇಳಿದ್ರು, ಮಗಳ ಮದುವೆ ಗಡಿಬಿಡಿಯಲ್ಲಿ ಎರಡನೇ ಡೋಸ್ ತಪ್ಪಿ ಹೋಯ್ತು, ಮೊದಲಿಂದ ಶುರು ಮಾಡ್ಬೇಕಾ ಅಂತ. ಪಾರ್ವೊ, ಡಿಸ್ಟೆಂಪರಿಗೆ ಮೊದಲಿಂದ ಬೇಡ ಅಕ್ಕ, ನಿಂತಲ್ಲಿಂದ ಮುಂದುವರಿಸಿದ್ರೆ ಆಗ್ತದೆ, ಹದಿನಾರು ವಾರ ದಾಟಿ ಒಂದು ಬಿದ್ರೆ ಸರಿ. ಇಲಿಜ್ವರದ್ದು ಮಾತ್ರ ಹಾಗಲ್ಲ, ಎರಡು ಡೋಸಿನ ನಡುವೆ ಆರು ವಾರಕ್ಕಿಂತ ಹೆಚ್ಚು ಆದ್ರೆ ಅದನ್ನು ಪುನಃ ಎರಡು ಸಲ ಹಾಕ್ಬೇಕಾಗ್ತದೆ. ಯಾವುದೆಲ್ಲ ಹಾಕಿದ್ದಾರೆ ಅಂತ ಕಾರ್ಡ್ ನೋಡದೆ ಹೇಳ್ಲಿಕ್ಕಾಗುವುದಿಲ್ಲ, ನಾಳೆ ಮರಿ ಮತ್ತೆ ಕಾರ್ಡ್ ಎರಡನ್ನೂ ತಗೊಂಡು ಬನ್ನಿ. ಅಲ್ಲಿವರೆಗೆ ಮದುವೆಗೆ ಬಂದವರ ಚಪ್ಪಲಿ ಹೊರಗೇ ಇರ್ಲಿ, ಮರಿ ಒಳಗಿರ್ಲಿ.